ಇಪ್ಪತ್ತೆಂಟು ದಿನಕ್ಕೊಮ್ಮೆ ಜಾಗ ಖಾಲಿ ಮಾಡಿ

ಅಟ್ಲಾಂಟಾದಿಂದ ಉತ್ತರಕ್ಕೆ, ಹೈವೇಯ ಸದ್ದು ಹಗಲಿಡೀ ಕೇಳುವಷ್ಟು ಹತ್ತಿರದಲ್ಲಿದ್ದ ಒಂದು ಕ್ಯಾಂಪ್‌ಗ್ರೌಂಡಿನಲ್ಲಿ ನಾವು ಎರಡು ತಿಂಗಳು ಕಳೆಯಬೇಕೆಂದು ಬಂದಿದ್ದೆವು. ನಾವು ಅಂದರೆ ನಾನು ಮತ್ತು ನನ್ನ ಗಂಡ. ಕೋವಿಡ್ ಬಂದಾಗ ನನ್ನ ಆಫೀಸು ಲ್ಯಾಪ್‌ಟಾಪಿನೊಳಗೆ ಬಂದು ಕೂತಿತು, ಕೋವಿಡ್ ಹೋದರೂ ಅಲ್ಲಿಂದ ಏಳಲಿಲ್ಲ. ಗಂಡನ ಕೆಲಸ ಹೋಯಿತು. ಇನ್ನೊಂದು ಹುಡುಕುವ ಉಮೇದು ಅವರಿಗಿರಲಿಲ್ಲ. ಮಗಳು ಕಾಲೇಜಿಗೆ ಹೋದಳು. ಷಾರ್ಲೆಟ್‌ನಲ್ಲಿದ್ದ ನಾಲ್ಕು ಬೆಡ್‌ರೂಮಿನ ಮನೆ ಮಾರಿ, ಟ್ರಕ್ಕಿನ ಹಿಂದೆ ಕಟ್ಟಿ ಎಳೆಯುವ ಒಂದು ಉದ್ದನೆಯ ಟ್ರೇಲರ್ ಕೊಂಡು, ಅದನ್ನೇ ಮನೆ ಮಾಡಿಕೊಂಡು ಹೊರಟೆವು. ಟ್ರಕ್ ಓಡಿಸುವವಳು ನಾನು. ಟ್ರೇಲರನ್ನು ಹಿಂದಕ್ಕೆ ತೆಗೆದು ಸೈಟಿಗೆ ಸೇರಿಸುವಾಗ ಕೆಳಗೆ ನಿಂತು ಕೈ ಬೀಸುವವರು ಅವರು. "ಮನೆ ಮಾರ್ಕೊಂಡು ಬೀದಿಗೆ ಬಂದ್ರಂತೆ" ಎಂದು ನಮ್ಮ ಬಳಗದಲ್ಲಿ ಯಾರೋ ಅಂದರೆಂದು ಗೊತ್ತಾದಾಗ ನಾವಿಬ್ಬರೂ ನಕ್ಕಿದ್ದೆವು. ಮಾತು ಒಂದು ರೀತಿಯಲ್ಲಿ ನಿಜವೇ ಆಗಿತ್ತು.

ಕ್ಯಾಂಪ್‌ಗ್ರೌಂಡು ಅಂದರೆ ಕಾಡು, ನದಿ, ಬೆಂಕಿಯ ಸುತ್ತ ಕೂತ ಮಕ್ಕಳು ಎಂದು ಹೊರಗಿನವರು ತಿಳಿದಿರುತ್ತಾರೆ. ಅವರ ವೆಬ್‌ಸೈಟಿನಲ್ಲೂ ಅದೇ ಚಿತ್ರ. ಇಲ್ಲಿದ್ದದ್ದು ಜಲ್ಲಿ ಹಾಸಿದ ಸಾಲು ಸಾಲು ಜಾಗ. ಒಂದೊಂದು ಜಾಗಕ್ಕೂ ಒಂದು ಕರೆಂಟಿನ ಕಂಬ, ಒಂದು ನಲ್ಲಿ, ಕಕ್ಕಸಿನ ನೀರು ಹೋಗಲು ನೆಲದಲ್ಲಿ ಒಂದು ತೂತು. ಪಕ್ಕದವರು ಕೆಮ್ಮಿದರೆ ನಮಗೆ ಕೇಳಬೇಕು, ಅಷ್ಟು ಒತ್ತಾಗಿ. ರಜೆಗೆಂದು ಬಂದವರು ಮುಂದಿನ ಸಾಲಿನಲ್ಲಿ. ಹಿಂದಿನ ಸಾಲುಗಳಲ್ಲಿ ಅಲ್ಲೇ ಬದುಕುವವರು: ಮೂರು ತಿಂಗಳ ಕಾಂಟ್ರಾಕ್ಟಿಗೆ ಬಂದ ನರ್ಸುಗಳು, ಕೇಬಲ್ ಹಾಕುವ ಕೆಲಸದವರು, ಊರೊಳಗೆ ಬಾಡಿಗೆ ಮನೆ ಸಿಗದೆ ಬಂದವರು. ಅವರಿಲ್ಲದಿದ್ದರೆ ಆ ಜಾಗ ವಾರದಲ್ಲಿ ಐದು ದಿನ ಬಿಕೋ ಎನ್ನುತ್ತಿತ್ತು. ಆದರೂ ಬೋರ್ಡಿನ ಮೇಲೆ ಅವರೆಲ್ಲ 'ಅತಿಥಿಗಳು'.

ನಾವು ಬಂದ ದಿನ ಟ್ರೇಲರ್ ಸೈಟಿನೊಳಗೆ ಹೋಗಲು ಒಪ್ಪಲೇ ಇಲ್ಲ. ನನ್ನ ಗಂಡ ಎಡ ಎಂದು ಕೂಗಿ ಬಲಕ್ಕೆ ಕೈ ತೋರಿಸುತ್ತಿದ್ದರು. ಪಕ್ಕದ ಸೈಟಿನಿಂದ ವಯಸ್ಸಾದ ಹೆಂಗಸೊಬ್ಬರು, ಆಫ್ರಿಕನ್ ಅಮೆರಿಕನ್, ಕುಂಟುತ್ತಾ ನನ್ನ ಕಿಟಕಿಯ ಹತ್ತಿರ ಬಂದರು.

"ಅವರನ್ನ ನೋಡ್ಬೇಡಮ್ಮ. ಕನ್ನಡಿ ನೋಡು. ಕೈ ಸ್ಟೇರಿಂಗಿನ ಕೆಳಗಡೆ ಇಟ್ಕೋ, ಹಿಂಭಾಗ ಯಾವ ಕಡೆ ಹೋಗ್ಬೇಕೋ ಕೈನೂ ಆ ಕಡೆಗೇ ತಿರುಗಿಸು," ಎಂದರು. ಇಂಗ್ಲಿಷಿನಲ್ಲಿ ಆಡಿದ್ದನ್ನು ನಾನು ನನ್ನ ಮಾತಿನಲ್ಲಿ ಬರೆಯುತ್ತಿದ್ದೇನೆ.

ಎರಡೇ ಸಲಕ್ಕೆ ಟ್ರೇಲರ್ ನೇರವಾಗಿ ಹೋಗಿ ಕೂತಿತು. ಅವರು ಮೂವತ್ತೆರಡು ವರ್ಷ ಸ್ಕೂಲ್ ಬಸ್ ಓಡಿಸಿ ರಿಟೈರ್ ಆದವರು. ವಯಸ್ಸು ಎಪ್ಪತ್ತೊಂದು. ಗಂಡ ತೀರಿಕೊಂಡ ಮೇಲೆ ಒಂದು ಸಣ್ಣ ಟ್ರೇಲರ್ ಮತ್ತು ಹಳೆಯ ಪಿಕಪ್ ಇಟ್ಟುಕೊಂಡು ಹದಿನಾಲ್ಕು ತಿಂಗಳಿಂದ ಅಲ್ಲೇ ಇದ್ದರು. ನಾವಿಬ್ಬರೂ ನಮ್ಮೊಳಗೆ ಅವರನ್ನು ಬಸ್ಸಿನಮ್ಮ ಎಂದು ಕರೆಯುತ್ತಿದ್ದೆವು. ಬೆಳಿಗ್ಗೆ ಏಳಕ್ಕೆ ಅವರು ಹೊರಗೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ನಾನು ಫಿಲ್ಟರ್ ಕಾಫಿ ತೆಗೆದುಕೊಂಡು ಹೋಗುತ್ತಿದ್ದೆ. ಮೊದಲ ದಿನ ಒಂದು ಗುಟುಕು ಕುಡಿದು, "ಇದು ಕಾಫಿನಾ, ಔಷಧೀನಾ?" ಎಂದು ಕೇಳಿದರು. ಮೂರನೆಯ ದಿನದಿಂದ ತಾವೇ ಲೋಟ ತೊಳೆದಿಟ್ಟುಕೊಂಡು ಕಾಯತೊಡಗಿದರು.

ಅವರ ಸೊಂಟದ ಕೀಲು ಸವೆದುಹೋಗಿತ್ತು. ಅದನ್ನು ಬದಲಾಯಿಸುವ ಆಪರೇಷನ್ನಿಗೆ ತಿಂಗಳುಗಟ್ಟಲೆ ಕಾದಿದ್ದರು. ಆಪರೇಷನ್ ಆದದ್ದು ನಾವು ಬಂದು ಒಂದು ವಾರವಾದ ಮೇಲೆ. ಮೂರನೆಯ ದಿನಕ್ಕೆ ಮನೆಗೆ, ಅಂದರೆ ಟ್ರೇಲರಿಗೆ ಬಂದರು. ಮೆಟ್ಟಿಲು ಹತ್ತುವಂತಿರಲಿಲ್ಲ, ಚರ್ಚಿನವರು ಯಾರೋ ಮರದ ಹಲಗೆಯ ಇಳಿಜಾರು ಮಾಡಿಕೊಟ್ಟಿದ್ದರು. ವಾರಕ್ಕೆ ಮೂರು ಸಲ ಥೆರಪಿಸ್ಟ್ ಬಂದು ನಡೆಯುವುದನ್ನು ಕಲಿಸುತ್ತಿದ್ದಳು. ಅವರು ವಾಕರ್ ಹಿಡಿದು ಕರೆಂಟಿನ ಕಂಬದವರೆಗೆ ಹೋಗಿ ವಾಪಸ್ ಬಂದರೆ ನಾವು ಕಿಟಕಿಯಿಂದ ಚಪ್ಪಾಳೆ ತಟ್ಟುತ್ತಿದ್ದೆವು.

ಆಪರೇಷನ್ ಆಗಿ ಏಳನೆಯ ದಿನ ಮ್ಯಾನೇಜರ್ ಗಾಲ್ಫ್ ಕಾರ್ಟಿನಲ್ಲಿ ಬಂದು ಅವರ ಬಾಗಿಲಿಗೆ ಒಂದು ಹಳದಿ ಕಾಗದ ಸಿಕ್ಕಿಸಿ ಹೋದ. ನಾನೇ ಅದನ್ನು ಬಿಡಿಸಿ ಓದಿ ಹೇಳಿದೆ. ನಾಡಿದ್ದಿಗೆ ಅವರು ಬಂದು ಇಪ್ಪತ್ತೆಂಟು ದಿನ ಮುಗಿಯುತ್ತದೆ. ಬೆಳಿಗ್ಗೆ ಹನ್ನೊಂದಕ್ಕೆ ಸೈಟ್ ಖಾಲಿ ಮಾಡಬೇಕು. ಮರುದಿನ ಮಧ್ಯಾಹ್ನ ಎರಡರ ಮೇಲೆ ಮತ್ತೆ ಬರಬಹುದು. ನಮ್ಮಲ್ಲಿ ತಂಗಿದ್ದಕ್ಕೆ ವಂದನೆಗಳು.

"ಇದೇನಿದು?" ಎಂದೆ.

"ಪ್ರತಿ ಸಲ ಇರೋದೇ," ಎಂದರು ಬಸ್ಸಿನಮ್ಮ. "ಒಂದು ರಾತ್ರಿ ಎಲ್ಲಾದ್ರೂ ಪಾರ್ಕಿಂಗ್ ಲಾಟಲ್ಲಿ ಮಲಗಿದ್ದು ಬರ್ತೀನಿ. ಅದಕ್ಕೇ ಲೆಕ್ಕ ಹಾಕಿ ಆಪರೇಷನ್ ತಾರೀಕು ತಗೊಂಡಿದ್ದೆ. ಆಸ್ಪತ್ರೆಯವರು ಎರಡು ವಾರ ಮುಂದಕ್ಕೆ ಹಾಕ್ಬಿಟ್ರು."

ನಾನು ಆ ಕಾಗದ ಹಿಡಿದುಕೊಂಡೇ ಆಫೀಸಿಗೆ ಹೋದೆ. ಮ್ಯಾನೇಜರ್ ಐವತ್ತರ ಆಸುಪಾಸಿನವನು, ಬಹಳ ಸೌಜನ್ಯದವನು. ಎಲ್ಲರನ್ನೂ ನಗುತ್ತಲೇ ಮಾತನಾಡಿಸುತ್ತಿದ್ದ. ಅವನು ಒರಟನಾಗಿದ್ದರೆ ನನ್ನ ಸಿಟ್ಟು ಇಷ್ಟು ಕಾಲ ಉಳಿಯುತ್ತಿರಲಿಲ್ಲವೇನೋ.

"ಅವರಿಗೆ ಆಪರೇಷನ್ ಆಗಿ ಒಂದು ವಾರ ಆಗಿದೆ ಅಷ್ಟೇ," ಎಂದೆ.

"ಗೊತ್ತು. ನಾನೇ ಹೂವು ತಂದು ಕೊಟ್ಟೆನಲ್ಲ."

ಅದು ನಿಜ. ಆ ಹೂವು ಇನ್ನೂ ಬಾಡಿರಲಿಲ್ಲ.

"ಹಾಗಾದ್ರೆ ಈ ಒಂದು ಸಲ ಬಿಡಿ."

"ರೂಲ್ ನಂದಲ್ಲ. ಒಂದೇ ಕಡೆ ತಿಂಗಳಾನುಗಟ್ಟಲೆ ಬಿಟ್ರೆ ಅವರು ಬಾಡಿಗೆದಾರರು ಅಂತ ಆಗ್ಬಿಡಬಹುದು, ಆಮೇಲೆ ಎಬ್ಬಿಸೋಕೆ ಕೋರ್ಟಿಗೆ ಹೋಗ್ಬೇಕು, ಅನ್ನೋದು ಕಂಪನಿಯವರ ಭಯ. ಯಾರಿಗೂ ಬಿಡಬೇಡ ಅಂದಿದಾರೆ."

"ಅವರು ಹದಿನಾಲ್ಕು ತಿಂಗಳಿಂದ ಇಲ್ಲೇ ಇದಾರಲ್ಲ."

"ಹದಿನಾಲ್ಕು ತಿಂಗಳಲ್ಲ," ಎಂದ ಅವನು. "ಇಪ್ಪತ್ತೆಂಟು ದಿನ. ಹದಿನೈದು ಸಲ."

ತಮಾಷೆ ಮಾಡುತ್ತಿದ್ದಾನೆಂದು ಅವನ ಮುಖ ನೋಡಿದೆ. ಮಾಡುತ್ತಿರಲಿಲ್ಲ. ಕಂಪನಿಯವರ ನಂಬರ್ ಕೇಳಿದೆ, ಕೊಟ್ಟ. ಅಲ್ಲಿ ಒಬ್ಬಳು ಹುಡುಗಿ ನನ್ನ ಮಾತನ್ನು ಪೂರ್ತಿ ಕೇಳಿ, ಈ ವಿಷಯ ನಮ್ಮ ಸ್ಥಳೀಯ ಮ್ಯಾನೇಜರ್ ತೀರ್ಮಾನಿಸಬೇಕು ಎಂದಳು. ಫೋನ್ ಸ್ಪೀಕರಿನಲ್ಲಿತ್ತು. ಅವನು ಎರಡೂ ಕೈ ಮೇಲೆತ್ತಿ ತೋರಿಸಿದ. ಆಮೇಲೆ ಡ್ರಾಯರಿನಿಂದ ನನ್ನದೇ ಫಾರ್ಮ್ ತೆಗೆದು ಒಂದು ಸಾಲಿನ ಮೇಲೆ ಬೆರಳಿಟ್ಟ. ಅದೇ ನಿಯಮ, ಕೆಳಗೆ ನನ್ನ ಸಹಿ. ಬಂದ ದಿನ ಓದದೆ ಹಾಕಿದ್ದು. ಓದಿದ್ದರೂ ಹಾಕಿಬಿಡುತ್ತಿದ್ದೆ, ಏಕೆಂದರೆ ಅದು ನನಗೆ ತಟ್ಟುವ ನಿಯಮವಾಗಿರಲಿಲ್ಲ. ಒಂದು ರಾತ್ರಿ ಹೊರಗಿರಬೇಕೆಂದರೆ ನಾವು ಬೆಟ್ಟ ನೋಡಲು ಹೋಗುತ್ತಿದ್ದೆವು. ಅದನ್ನು ನೆನೆದಾಗ ನನ್ನ ಮೇಲೂ ಸಿಟ್ಟು ಬರುತ್ತದೆ.

"ಏಳ್ಬೇಡಿ ನೀವು," ಎಂದೆ ಬಸ್ಸಿನಮ್ಮನಿಗೆ ವಾಪಸ್ ಬಂದು. "ಏನ್ ಮಾಡ್ತಾರೋ ನೋಡೋಣ."

ಅವರು ನನ್ನ ಕಡೆ ತಿರುಗಿದರು. "ಅವರ ಹತ್ರ ಗಾಡಿ ಎಳ್ಕೊಂಡು ಹೋಗೋ ಟೋ ಟ್ರಕ್ ಇದೆ. ನನ್ನ ಮನೆಗೆ ಚಕ್ರ ಇದೆ. ಏನ್ ಮಾಡ್ತಾರೆ ಅಂತ ಕೇಳ್ತೀಯಲ್ಲ."

ನಮ್ಮ ಟ್ರೇಲರಿನಲ್ಲೇ ಮಲಗಿಸಿಕೊಳ್ಳೋಣವೆಂದರೆ ನಮ್ಮದಕ್ಕೆ ನಾಲ್ಕು ಕಡಿದಾದ ಮೆಟ್ಟಿಲು. ಸುತ್ತಮುತ್ತಲಿನ ಬೇರೆ ಕ್ಯಾಂಪ್‌ಗ್ರೌಂಡುಗಳಿಗೆ ಫೋನ್ ಮಾಡಿದೆವು. ಎಲೆ ಬಣ್ಣ ಬದಲಾಯಿಸುವ ಕಾಲ, ವಾರಾಂತ್ಯ; ಎಲ್ಲ ಕಡೆ ಭರ್ತಿ. ಆಗ ನನ್ನ ಗಂಡ, "ಇಲ್ಲೇ ಅಟ್ಲಾಂಟಾ ಪಕ್ಕ ಜಾನ್ಸ್ ಕ್ರೀಕಲ್ಲಿ ನಿನ್ನ ಫ್ರೆಂಡ್ ಇದಾಳಲ್ಲ. ಮನೆ ಮುಂದೆ ಡ್ರೈವ್‌ವೇ ಇಷ್ಟಗಲ ಇದೆ," ಎಂದರು.

ಆ ಗೆಳತಿ ಮೈಸೂರಿನವಳು. ಷಾರ್ಲೆಟ್‌ನಲ್ಲಿ ಒಂದೇ ಬೀದಿಯಲ್ಲಿ ಆರು ವರ್ಷ ಇದ್ದೆವು. ನನ್ನ ಮಗಳ ಕಿವಿ ಚುಚ್ಚಿಸಿದ್ದು ಅವಳ ತೊಡೆಯ ಮೇಲೆ ಕೂರಿಸಿ. ಫೋನ್ ಮಾಡಿ, ಟ್ರೇಲರ್ ಒಂದು ರಾತ್ರಿ ನಿಲ್ಲಿಸಬೇಕು, ಆಪರೇಷನ್ ಆದವರೊಬ್ಬರು ಇದ್ದಾರೆ ಎಂದೆ.

"ಅದಕ್ಕೇನ್ ಕೇಳ್ತೀಯೇ, ಬಾರೇ. ಬಿಸಿಬೇಳೆಬಾತ್ ಮಾಡಿರ್ತೀನಿ," ಎಂದಳು.

ಆ ದಿನ ಬೆಳಿಗ್ಗೆ ಎಂಟಕ್ಕೇ ನನ್ನ ಗಂಡ ನೀರಿನ ಪೈಪು, ಕರೆಂಟಿನ ವೈರು, ಕಕ್ಕಸಿನ ಪೈಪು ಎಲ್ಲ ಬಿಚ್ಚಿ ಸುತ್ತಿಟ್ಟರು. ಹಲಗೆಯ ಇಳಿಜಾರನ್ನು ಪಿಕಪ್ಪಿನ ಹಿಂಭಾಗಕ್ಕೆ ಹಾಕಿದೆವು. ಬಸ್ಸಿನಮ್ಮನ ಪಿಕಪ್ಪಿಗೆ ಅವರ ಟ್ರೇಲರನ್ನೇ ಸೇರಿಸಿ ನಾನು ಓಡಿಸುವುದು, ನನ್ನ ಗಂಡ ನಮ್ಮ ಟ್ರಕ್ಕಿನಲ್ಲಿ ಹಿಂದೆ ಬರುವುದು. ಸೀಟಿಗೆ ಎರಡು ದಿಂಬು ಹಾಕಿ ಅವರನ್ನು ಕೂರಿಸಲು ಇಪ್ಪತ್ತು ನಿಮಿಷ ಹಿಡಿಯಿತು. ಅವರು ಕೂಗಲಿಲ್ಲ. ಡ್ಯಾಶ್‌ಬೋರ್ಡಿನ ಮೇಲೆ ಕೈ ಊರಿಕೊಂಡು, ತುಟಿ ಕಚ್ಚಿಕೊಂಡು, ಒಂದೊಂದೇ ಕಾಲು ಒಳಗೆಳೆದುಕೊಂಡರು. ಗೇಟಿನ ಹತ್ತಿರ ಮ್ಯಾನೇಜರ್ ಗಾಲ್ಫ್ ಕಾರ್ಟಿನಿಂದ ಕೈ ಬೀಸಿ, "ನಾಳೆ ಸಿಗೋಣ," ಎಂದ. ನಾನು ಕೈ ಬೀಸಲಿಲ್ಲ. ಬಸ್ಸಿನಮ್ಮ ಬೀಸಿದರು.

ಜಾನ್ಸ್ ಕ್ರೀಕಿನ ಆ ಬೀದಿಯಲ್ಲಿ ಹುಲ್ಲೂ ಒಂದೇ ಅಳತೆಗೆ ಬೆಳೆದಿತ್ತು. ಗೆಳತಿ ನಗುತ್ತಾ ಹೊರಗೆ ಬಂದಳು, ಗಂಡನೂ ಬಂದ. ನಾನು ಬಸ್ಸಿನಮ್ಮನನ್ನು ಇಳಿಸಲು ಬಾಗಿಲು ತೆರೆದೆ. ಅವರನ್ನು ನೋಡಿದ ಕೂಡಲೇ ಇಬ್ಬರ ಮುಖವೂ ಬದಲಾದದ್ದನ್ನು ನಾನು ಕಂಡೆ. ಕಂಡಿಲ್ಲವೆಂದು ನನಗೆ ನಾನೇ ಹೇಳಿಕೊಂಡೆ.

"ನಿಮ್ಮ ಟ್ರೇಲರ್ ಅಂದ್ಕೊಂಡಿದ್ದೆ ಕಣೇ," ಎಂದಳು ಗೆಳತಿ ಕನ್ನಡದಲ್ಲಿ, ನಗು ಬಿಡದೆ. "ಆಪರೇಷನ್ ಆಗಿರೋರು ಅಂದ್ರೆ ನಮ್ಮೋರು ಯಾರೋ ಅಂತ."

"ನಮ್ಮೋರೇ," ಎಂದೆ.

ಬಸ್ಸಿನಮ್ಮನನ್ನು ಹಲಗೆಯ ಮೇಲೆ ನಡೆಸಿ ಅವರ ಟ್ರೇಲರಿನೊಳಗೆ ಮಲಗಿಸಿದೆವು. ಗ್ಯಾರೇಜಿನಿಂದ ಒಂದು ಉದ್ದನೆಯ ವೈರು ಎಳೆದು ಕರೆಂಟ್ ಕೊಟ್ಟೆವು. ಊಟಕ್ಕೆ ಕರೆದಳು. ಡೈನಿಂಗ್ ಟೇಬಲ್ಲಿನ ಮೇಲೆ ನಮಗೆ ಸ್ಟೀಲ್ ತಟ್ಟೆ, ಲೋಟ. ಅಡುಗೆ ಕಟ್ಟೆಯ ತುದಿಯಲ್ಲಿ ಒಂದು ಪೇಪರ್ ಪ್ಲೇಟು, ಮೇಲೆ ಫಾಯಿಲ್, ಪಕ್ಕದಲ್ಲಿ ಪ್ಲಾಸ್ಟಿಕ್ ಚಮಚ. "ಅವರಿಗೆ ಅಲ್ಲಿಗೇ ಕೊಟ್ಬಿಡು, ಪಾಪ, ಎದ್ದು ಬರೋಕಾಗಲ್ಲ," ಎಂದಳು. ನಾನೂ ನಮ್ಮ ಮನೆಗೆ ಬಂದ ಪ್ಲಂಬರನಿಗೆ ಪೇಪರ್ ಕಪ್ಪಿನಲ್ಲೇ ಕಾಫಿ ಕೊಟ್ಟವಳು. ಆ ಪ್ಲೇಟಿನ ಅರ್ಥ ನನಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ನನ್ನ ಸ್ಟೀಲ್ ತಟ್ಟೆಗೆ ಎರಡು ಸೌಟು ಬಿಸಿಬೇಳೆಬಾತ್ ಬಡಿಸಿಕೊಂಡು, ಅದನ್ನೂ ಆ ಪೇಪರ್ ಪ್ಲೇಟನ್ನೂ ಎತ್ತಿಕೊಂಡು ಟ್ರೇಲರಿಗೆ ಹೋಗಿ, ಸ್ಟೀಲ್ ತಟ್ಟೆ ಅವರಿಗೆ ಕೊಟ್ಟೆ. ಬಸ್ಸಿನಮ್ಮ ಪೂರ್ತಿ ತಿಂದರು. ಕಾಫಿಗಿಂತ ಇದು ವಾಸಿ ಎಂದರು. ನಾನು ಅವರ ಪಕ್ಕ ಕೂತು ಪೇಪರ್ ಪ್ಲೇಟಿನದನ್ನು ತಿಂದೆ.

ಊಟವಾಗಿ ಒಂದು ಗಂಟೆಯೂ ಕಳೆದಿರಲಿಲ್ಲ, ಗೆಳತಿಯ ಗಂಡ ಫೋನ್ ಹಿಡಿದುಕೊಂಡು ಡ್ರೈವ್‌ವೇಗೆ ಬಂದ. ಬೀದಿಯವರ ಗ್ರೂಪಿನಲ್ಲಿ ಯಾರೋ ಟ್ರೇಲರಿನ ಫೋಟೋ ಹಾಕಿದ್ದರು. ಇದು ಯಾರದು, ಎಷ್ಟು ದಿನ ಇರುತ್ತದೆ, ಒಳಗೆ ಜನ ಇದ್ದಾರೆಯೇ ಎಂದು ಪ್ರಶ್ನೆಗಳು. ಅದರ ಹಿಂದೆಯೇ, ಬಡಾವಣೆಯ ನಿಯಮಗಳನ್ನು ನೋಡಿಕೊಳ್ಳುವ ಹೋಮ್‌ಓನರ್ಸ್ ಅಸೋಸಿಯೇಷನ್ನಿಂದ ಈಮೇಲ್.

"ಬೇಜಾರ್ ಮಾಡ್ಕೋಬೇಡಿ," ಎಂದ ನನಗೆ. "ನಮ್ ಸಬ್‌ಡಿವಿಷನಲ್ಲಿ ಇದೆಲ್ಲ ಅಲೌ ಇಲ್ಲ. ಸಂಜೆಯೊಳಗೆ ಮೂವ್ ಮಾಡಿದ್ರೆ ಒಳ್ಳೇದು."

"ನಾಳೆ ಮಧ್ಯಾಹ್ನ ಹೋಗ್ತೀವಿ. ಒಂದು ರಾತ್ರಿ ಅಷ್ಟೇ. ಪೇಷೆಂಟ್ ಇದಾರೆ ಅಂತ ಬರೀರಿ ಅವರಿಗೆ."

"ನಾನು ಆ ಕಮಿಟೀಲಿದೀನಿ. ನಾನೇ ರೂಲ್ ಬ್ರೇಕ್ ಮಾಡಿದ್ರೆ ಹೇಗೆ ಹೇಳಿ?"

"ಹೋದ ವರ್ಷ ನಿಮ್ಮ ಗೃಹಪ್ರವೇಶಕ್ಕೆ ನಮ್ಮ ಟ್ರೇಲರ್ ಎರಡು ರಾತ್ರಿ ಇಲ್ಲೇ ನಿಂತಿತ್ತಲ್ಲ. ಆಗ ಈಮೇಲ್ ಬಂದಿತ್ತಾ?"

ಅವನು ಮತ್ತೆ ಫೋನಿನ ಕಡೆ ನೋಡಿದ. ಗೆಳತಿ ಗ್ಯಾರೇಜಿನ ಬಾಗಿಲಲ್ಲಿ ಕೈ ಕಟ್ಟಿಕೊಂಡು ನಿಂತಿದ್ದಳು. "ನೀನಾದ್ರೂ ಏನಾದ್ರೂ ಹೇಳೇ," ಎಂದೆ. ಅವಳು ಬೀದಿಯ ಆಚೆ ಕಡೆಯ ಮನೆಯ ಕಿಟಕಿಗಳನ್ನು ನೋಡಿ, ಸಣ್ಣ ದನಿಯಲ್ಲಿ, "ನಾವು ಇಲ್ಲೇ ಇರ್ಬೇಕಲ್ವಾ," ಎಂದಳು.

ನನ್ನ ದನಿ ಏರಿತು. ಏನೇನು ಅಂದೆನೋ ಪೂರ್ತಿ ನೆನಪಿಲ್ಲ. ಇದೇ ದೇಶದಲ್ಲಿ ನಾವು ಬಂದ ಹೊಸದರಲ್ಲಿ ನಮಗೆ ಯಾರ್ಯಾರು ಜಾಗ ಕೊಟ್ಟರು ಎಂದು ಪಟ್ಟಿ ಮಾಡಿದ್ದು ನೆನಪಿದೆ. ನನ್ನ ಗಂಡ ನನ್ನ ತೋಳು ಹಿಡಿದರು. ನಾನು ಬಿಡಿಸಿಕೊಂಡೆ. ಅಷ್ಟರಲ್ಲಿ ಟ್ರೇಲರಿನ ಬಾಗಿಲು ತೆರೆಯಿತು. ಬಸ್ಸಿನಮ್ಮ ವಾಕರ್ ಹಿಡಿದು ನಿಂತಿದ್ದರು. ನಮ್ಮ ಮಾತು ಅವರಿಗೆ ಒಂದಕ್ಷರವೂ ತಿಳಿಯುವಂತಿರಲಿಲ್ಲ.

"ಹೊರಡೋಣ," ಎಂದರು.

"ಬೇಡ, ನಾನು ಮಾತಾಡ್ತಿದೀನಿ. ಇವರು ಒಪ್ತಾರೆ."

"ನೀನು ಗೆದ್ರೂ ರಾತ್ರಿಯೆಲ್ಲ ಇಲ್ಲಿ ಮಲಗೋಳು ನಾನು. ಬೇಡ ಅಂದ ಕಡೆ ನನಗೆ ನಿದ್ದೆ ಬರಲ್ಲ. ನನ್ನ ಅಕ್ಕನ ಮನೆಗೆ ಫೋನ್ ಮಾಡಿದೆ. ಬಾ ಅಂದ್ಲು."

ಆಮೇಲೆ ಗೆಳತಿಯ ಕಡೆ ತಿರುಗಿ, "ಊಟ ತುಂಬ ಚೆನ್ನಾಗಿತ್ತು," ಎಂದರು. ಗೆಳತಿ ತಲೆ ತಗ್ಗಿಸಿದಳು.

ಅಕ್ಕ ಇದ್ದದ್ದು ದಕ್ಷಿಣ ಕ್ಯಾರೊಲಿನಾದಲ್ಲಿ, ಗ್ರೀನ್‌ವಿಲ್ ಹತ್ತಿರ. ಎರಡು ಗಂಟೆಗೂ ಹೆಚ್ಚಿನ ದಾರಿ. ಅಷ್ಟು ಹೊತ್ತು ಕೂರಬಾರದು, ಅರ್ಧ ಗಂಟೆಗೊಮ್ಮೆ ಎದ್ದು ನಡೆಯಬೇಕು ಎಂದು ಥೆರಪಿಸ್ಟ್ ಹೇಳಿದ್ದಳು. ಮೊದಲೇ ಅಲ್ಲಿಗೆ ಹೋಗೋಣ ಅನ್ನದೇ ಇದ್ದದ್ದು ಅದಕ್ಕೇ. ಅಲ್ಲದೆ ಡಾಕ್ಟರು, ಥೆರಪಿ, ಇನ್ಶೂರೆನ್ಸ್ ಎಲ್ಲ ಜಾರ್ಜಿಯಾದ್ದು. ಎರಡೂವರೆಗೆ ಹೊರಟು ಐದು ಕಡೆ ನಿಲ್ಲಿಸಿದೆವು. ಗ್ಯಾಸ್ ಸ್ಟೇಷನ್ನುಗಳಲ್ಲಿ, ರೆಸ್ಟ್ ಏರಿಯಾಗಳಲ್ಲಿ, ಲಾರಿಗಳ ನಡುವೆ, ನಾವಿಬ್ಬರು ಆ ಕಡೆ ಈ ಕಡೆ ಹಿಡಿದುಕೊಂಡು ಅವರನ್ನು ಹತ್ತು ಹೆಜ್ಜೆ ನಡೆಸುವುದು, ಮತ್ತೆ ದಿಂಬಿನ ಮೇಲೆ ಕೂರಿಸುವುದು. ಮೂರನೆಯ ಸಲ ಇಳಿಸುವಾಗ ಅವರ ಕಣ್ಣಿಂದ ನೀರು ಬಂತು. ಒರೆಸಿಕೊಳ್ಳಲು ಎರಡು ಕೈಯೂ ವಾಕರ್ ಮೇಲಿದ್ದವು, ನಾನು ಒರೆಸಿದೆ. ಅಕ್ಕನ ಮನೆ ತಲುಪಿದಾಗ ಇನ್ನೂ ಬೆಳಕಿತ್ತು. ಅವರಿಗಿಂತಲೂ ಮುದುಕಿಯಾದ ಹೆಂಗಸೊಬ್ಬರು ಅಂಗಳದ ಹುಲ್ಲಿನ ಮೇಲೆ ಕಲ್ಲಿಟ್ಟು ಟ್ರೇಲರಿಗೆ ಜಾಗ ಗುರುತು ಮಾಡಿಕೊಂಡು ಕಾಯುತ್ತಿದ್ದರು. ಬೈಯುತ್ತಲೇ ತಂಗಿಯನ್ನು ತಬ್ಬಿಕೊಂಡರು.

ಬಸ್ಸಿನಮ್ಮ ಆ ಕ್ಯಾಂಪ್‌ಗ್ರೌಂಡಿಗೆ ವಾಪಸ್ ಬರಲಿಲ್ಲ. ಇನ್ನೊಂದು ಸಲ ಅಷ್ಟು ದೂರ ಕೂರಲು ಅವರಿಂದ ಸಾಧ್ಯವಿರಲಿಲ್ಲ. ಹೊಸ ಊರಿನಲ್ಲಿ ಥೆರಪಿ ಏರ್ಪಾಡಾಗಲು ಮೂರು ವಾರ ಹಿಡಿಯಿತು. ಆ ಮೂರು ವಾರವೇ ಮುಖ್ಯವಾದದ್ದು ಎಂದು ಆಮೇಲೆ ಅಲ್ಲಿನ ಡಾಕ್ಟರು ಹೇಳಿದರಂತೆ.

ನಾವು ಮರುದಿನ ವಾಪಸ್ ಬಂದೆವು. ಪಕ್ಕದ ಸೈಟ್ ಖಾಲಿಯಿತ್ತು. ಅದರ ಮರುದಿನವೂ, ಅದರ ಮುಂದಿನ ದಿನವೂ. ಐದನೆಯ ದಿನಕ್ಕೆ ಒಂದು ದೊಡ್ಡ ಬಸ್ಸಿನಂಥ ಗಾಡಿ ಬಂತು. ಊರೆಲ್ಲ ಭರ್ತಿಯಾಗಿದ್ದ ವಾರಾಂತ್ಯದಲ್ಲಿ, ಒಬ್ಬ ರೋಗಿಯನ್ನು ಎಬ್ಬಿಸಿದ ಜಾಗದಲ್ಲಿ ಬರೀ ಜಲ್ಲಿ ಕಲ್ಲು ಬಿದ್ದಿತ್ತು. ಮ್ಯಾನೇಜರನನ್ನು ಕೇಳಿದೆ.

"ಸಿಸ್ಟಮ್ಮಲ್ಲಿ ಆ ರಾತ್ರಿ ಬ್ಲಾಕ್ ಆಗಿರುತ್ತೆ, ಯಾರಿಗೂ ಕೊಡೋಕಾಗಲ್ಲ. ಆಮೇಲೆ ಅವರು ಬರ್ತಾರೆ ಅಂತ ನಾನೇ ಹಿಡಿದಿಟ್ಟೆ. ಅವರು ಯಾಕೆ ಬರ್ಲಿಲ್ಲ?" ಎಂದ. ನಿಜವಾಗಿಯೂ ಬೇಸರವಾಗಿತ್ತು ಅವನಿಗೆ. ಎದ್ದು ಬಂದೆ.

ಕಂಪನಿಗೆ ಎರಡು ಪುಟದ ಕಾಗದ ಬರೆದೆ. ಮೂರು ವಾರಕ್ಕೆ ಉತ್ತರ ಬಂತು: ನಿಮ್ಮ ವಾಸ ನಿರೀಕ್ಷೆಯಂತೆ ಇರದಿದ್ದಕ್ಕೆ ವಿಷಾದಿಸುತ್ತೇವೆ, ಮುಂದಿನ ಸಲ ನಮ್ಮ ಯಾವುದೇ ಕ್ಯಾಂಪ್‌ಗ್ರೌಂಡಿನಲ್ಲಿ ಒಂದು ರಾತ್ರಿ ಉಚಿತವಾಗಿ ತಂಗಬಹುದು. ಓದಿ ನನ್ನ ಗಂಡ ನಕ್ಕರು. ಮೂರು ದಿನ ಅವರ ಜೊತೆಗೂ ನಾನು ಸರಿಯಾಗಿ ಮಾತಾಡಲಿಲ್ಲ.

ಗೆಳತಿ ಫೋನ್ ಮಾಡಿದ್ದು ದೀಪಾವಳಿಗೆ ನಾಲ್ಕು ದಿನ ಇದ್ದಾಗ.

"ಬೇಜಾರ್ ಮಾಡ್ಕೊಂಡಿದೀಯಾ?" ಎಂದಳು.

"ಹೌದು," ಎಂದೆ.

ಅವಳು ಅದನ್ನು ನಿರೀಕ್ಷಿಸಿರಲಿಲ್ಲ. "ನನಗೂ ಆ ದಿನದಿಂದ ಸಮಾಧಾನ ಇಲ್ಲ ಕಣೇ," ಎಂದಳು. ಇರಬಹುದು. ಹಬ್ಬಕ್ಕೆ ಬಾ ಎಂದಳು. ಈ ವರ್ಷ ಆಗುವುದಿಲ್ಲ ಎಂದೆ. ಆಮೇಲೂ ನಾವು ಮಾತಾಡುತ್ತಿದ್ದೇವೆ, ಮಕ್ಕಳ ವಿಷಯ, ಊರಿನ ವಿಷಯ. ಆ ಮಧ್ಯಾಹ್ನದ ಮಾತನ್ನು ಇಬ್ಬರೂ ಎತ್ತುವುದಿಲ್ಲ.

ದೀಪಾವಳಿಯ ಹೊತ್ತಿಗೆ ನಾವು ಆ ಕ್ಯಾಂಪ್‌ಗ್ರೌಂಡ್ ಬಿಟ್ಟು, ಬಸ್ಸಿನಮ್ಮನ ಅಕ್ಕನ ಅಂಗಳದಲ್ಲಿ ನಮ್ಮ ಟ್ರೇಲರನ್ನೂ ನಿಲ್ಲಿಸಿದ್ದೆವು. ಬಸ್ಸಿನಮ್ಮ ವಾಕರ್ ಬಿಟ್ಟು ಕೋಲು ಹಿಡಿದಿದ್ದರು. ಬಲಗಾಲು ಇನ್ನೂ ಎಳೆಯುತ್ತಿತ್ತು, ಈಗಲೂ ಎಳೆಯುತ್ತದೆ. ನಾನು ಆ ಮ್ಯಾನೇಜರನ ಮಾತೆತ್ತಿದೆ, ಕಂಪನಿಯ ಕಾಗದ ಓದಿ ತೋರಿಸಿದೆ. ಅವರು ಕೇಳಿಸಿಕೊಂಡು, "ನೀನಿನ್ನೂ ಅಲ್ಲೇ ಇದೀಯಾ?" ಎಂದರು.

"ಹೂಂ," ಎಂದೆ. "ಇನ್ನೂ ಅಲ್ಲೇ ಇದೀನಿ."